ಕುಲುಮೆ ತಿಂದ ಪ್ಲಾಸ್ಟಿಕ್ಕು

ಮಳೆಗಾಲದಲ್ಲಿ ನಮ್ಮ ಮನೆಯ ಬಚ್ಚಲ ಒಲೆ ಹೊತ್ತಿಸುವುದೆಂದರೆ ಒಂದು ಸಾಹಸ. ಅಟ್ಟದ ಮೇಲಿಟ್ಟ ಸೌದೆಗೂ ಥಂಡಿ ಹಿಡಿದಿರುತ್ತದೆ, ಅಡಿಕೆ ಹಾಳೆ ಮೆತ್ತಗಾಗಿರುತ್ತದೆ. ಅಂಥ ದಿನ ಅಮ್ಮ ಒಂದು ಹಾಲಿನ ಕವರನ್ನು ಸುರುಳಿ ಸುತ್ತಿ ಅದಕ್ಕೆ ಕಡ್ಡಿ ಗೀರುತ್ತಾಳೆ. ಕವರು ತೊಟ್ಟಿಕ್ಕುತ್ತ ಉರಿಯುತ್ತದೆ. ಬಚ್ಚಲೆಲ್ಲ ಕಮಟು ಹೊಗೆ ತುಂಬಿಕೊಂಡರೂ ಒಲೆ ಹತ್ತುತ್ತದೆ. "ಪ್ಲಾಸ್ಟಿಕ್ ಸುಡಬೇಡ ಅಂತ ಎಷ್ಟು ಸಲ ಹೇಳೋದು ಅಮ್ಮಾ" ಅಂದರೆ, "ಹಂಗಾರೆ ನಾಳೆ ನೀನೇ ಎದ್ದು ಹೊತ್ತಿಸು ಮಾರಾಯ್ತಿ" ಅನ್ನುತ್ತಾಳೆ. ನಾನು ಏಳುವಷ್ಟರಲ್ಲಿ ಹಂಡೆಯ ನೀರು ಕಾದಿರುತ್ತದೆ.

ಮೈಸೂರು ಸಂಸ್ಥಾನದ ಕಾರ್ಖಾನೆಗಳು ಏನನ್ನು ಉರಿಸಿ ನಡೆದವು ಎಂಬುದು ನನ್ನ ಪಿಎಚ್.ಡಿ. ಸಂಶೋಧನೆಯ ವಿಷಯ. ಸೌದೆ, ಇದ್ದಿಲು, ಕಲ್ಲಿದ್ದಲು, ವಿದ್ಯುತ್ತು ಇವುಗಳ ಲೆಕ್ಕದಲ್ಲೇ ನಾಲ್ಕು ವರ್ಷ ಕಳೆದಿದ್ದೇನೆ. ಬೇರೆ ದೇಶಗಳ ಕಬ್ಬಿಣದ ಕುಲುಮೆಗಳು ಏನು ತಿಂದವು ಎಂದು ಓದುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. 1996ರ ಅಕ್ಟೋಬರಿನಲ್ಲಿ ಜಪಾನಿನ ಕವಾಸಾಕಿ ನಗರದ ಉಕ್ಕಿನ ಕಾರ್ಖಾನೆಯೊಂದು ತನ್ನ ಊದುಕುಲುಮೆಗೆ ತ್ಯಾಜ್ಯ ಪ್ಲಾಸ್ಟಿಕ್ಕನ್ನು ಉಣಿಸಲು ಶುರುಮಾಡಿತು. ಅದನ್ನು ಕದ್ದುಮುಚ್ಚಿ ಮಾಡಲಿಲ್ಲ, ಪರಿಸರ ಕಾಯುವ ಕೆಲಸವೆಂದು ಹೇಳಿಕೊಂಡೇ ಮಾಡಿತು. ಅಮ್ಮನ ಒಲೆಯಲ್ಲಿ ತಪ್ಪಾಗಿದ್ದದ್ದು ಅಲ್ಲಿ ಸರಿಯಾದದ್ದು ಹೇಗೆ? ಈ ಪ್ರಶ್ನೆಯನ್ನು ಹಿಡಿದು ಹೊರಟವಳಿಗೆ ದೊರೆತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಬ್ಬಿಣದ ವಿಷಯ. ಅದಿರಿನಲ್ಲಿ ಕಬ್ಬಿಣ ಒಂಟಿಯಾಗಿರುವುದಿಲ್ಲ, ಆಮ್ಲಜನಕದ ಜೊತೆ ಗಟ್ಟಿಯಾಗಿ ಕೂಡಿಕೊಂಡಿರುತ್ತದೆ. ಬರೀ ಕಾಯಿಸಿದರೆ ಆ ಜೋಡಿ ಬಿಡುವುದಿಲ್ಲ. ಆಮ್ಲಜನಕವನ್ನು ಕಸಿದುಕೊಳ್ಳುವ ಇನ್ನೊಂದು ವಸ್ತು ಬೇಕು. ಸಾವಿರಾರು ವರ್ಷಗಳಿಂದ ಆ ಕೆಲಸ ಮಾಡಿಕೊಂಡು ಬಂದದ್ದು ಇಂಗಾಲ. ಅದು ಉರಿದು ಶಾಖ ಕೊಡುತ್ತದೆ, ಉರಿದಾಗ ಹುಟ್ಟುವ ಅನಿಲ ಅದಿರಿನ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕನನ್, ಮಳೆಗಾಲದಲ್ಲಿ ಹಳ್ಳಗಳು ಹೊತ್ತು ತಂದ ಕಪ್ಪು ಮರಳನ್ನು ಜಾಲಿಸಿ, ಮಣ್ಣಿನ ಸಣ್ಣ ಕುಲುಮೆಯಲ್ಲಿ ಇದ್ದಿಲಿನ ಜೊತೆ ಹಾಕಿ, ತಿದಿಯೊತ್ತಿ ಕಬ್ಬಿಣ ತೆಗೆಯುವುದನ್ನು ಕಂಡು ಬರೆದಿಟ್ಟಿದ್ದಾನೆ. ಆ ಕಮ್ಮಾರರಿಗೆ ಇಂಗಾಲವೆಂಬ ಹೆಸರು ಬೇಕಿರಲಿಲ್ಲ. ಇದ್ದಿಲು ಕಡಿಮೆಯಾದರೆ ಕಬ್ಬಿಣ ಬರುವುದಿಲ್ಲ ಎಂಬುದಷ್ಟೇ ಗೊತ್ತಿದ್ದರೆ ಸಾಕಿತ್ತು.

ಇದ್ದಿಲಿಗೆ ಕಾಡು ಬೇಕು. ಇಂಗ್ಲೆಂಡಿನಲ್ಲಿ ಇದ್ದಿಲು ದುಬಾರಿಯಾಗುತ್ತಿದ್ದ ಕಾಲದಲ್ಲಿ, 1709ರಲ್ಲಿ, ಅಬ್ರಹಾಂ ಡಾರ್ಬಿ ಎಂಬಾತ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಕೋಕ್ ಹಾಕಿ ಕಬ್ಬಿಣ ಕರಗಿಸಿದ. ಕಲ್ಲಿದ್ದಲನ್ನು ಗಾಳಿಯಾಡದ ಗೂಡಿನಲ್ಲಿ ಕಾಯಿಸಿದಾಗ ಉಳಿಯುವ ಗಟ್ಟಿ ಇಂಗಾಲವೇ ಕೋಕ್. ಇದ್ದಿಲಿನಂತೆ ಅದು ಭಾರಕ್ಕೆ ಪುಡಿಯಾಗುವುದಿಲ್ಲ, ಹಾಗಾಗಿ ಕುಲುಮೆಗಳು ಎತ್ತರವಾಗುತ್ತ ಹೋದವು. ಇಂದಿನ ಊದುಕುಲುಮೆಯಲ್ಲಿ ಕೋಕ್‌ಗೆ ಮೂರನೆಯ ಕೆಲಸವೊಂದಿದೆ. ಮೇಲಿನಿಂದ ಸುರಿದ ಅದಿರಿನ ರಾಶಿಯನ್ನು ಎತ್ತಿಹಿಡಿದು, ನಡುವೆ ಅನಿಲ ಹರಿಯಲು ದಾರಿ ಬಿಡುವುದು. ಇದನ್ನು ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಇನ್ಯಾವ ಇಂಧನ ಬಂದರೂ ಕೋಕ್‌ನ ಒಂದು ಪಾಲಿಗೆ ಮಾತ್ರ ಬದಲಿಯಾಗಬಲ್ಲದು, ಪೂರ್ತಿ ಅಲ್ಲ.

ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಬಾಬಾಬುಡನ್ ಬೆಟ್ಟಸಾಲಿನಲ್ಲಿ ಒಳ್ಳೆಯ ಅದಿರಿತ್ತು, ಪಕ್ಕದಲ್ಲೇ ದಟ್ಟ ಕಾಡಿತ್ತು. ಹಾಗಾಗಿ ಭದ್ರಾ ನದಿಯ ದಂಡೆಯ ಮೇಲೆ, ಹಿಂದೆ ಬೆಂಕಿಪುರ ಎಂದು ಕರೆಯುತ್ತಿದ್ದ ಊರಿನಲ್ಲಿ, ಕಟ್ಟಿದ ಕಾರ್ಖಾನೆ ಇಂಗ್ಲೆಂಡು ಇನ್ನೂರು ವರ್ಷಗಳ ಹಿಂದೆ ಬಿಡತೊಡಗಿದ್ದ ಇಂಧನವನ್ನೇ ಹಿಡಿಯಿತು. 1923ರ ಜನವರಿಯಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿಕೊಂಡಿತು, ಇದ್ದಿಲಿನಿಂದ. ಕಾಡಿನೊಳಕ್ಕೆ ಟ್ರಾಮ್ ಹಳಿ ಹೋಯಿತು, ಸೌದೆ ಬಂತು. ಅಲ್ಲಿ ಸೌದೆಯನ್ನು ಸುಮ್ಮನೆ ಸುಟ್ಟು ಇದ್ದಿಲು ಮಾಡುತ್ತಿರಲಿಲ್ಲ. ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ, ಹೊರಟ ಆವಿಯನ್ನು ಇಳಿಸಿ, ಮರದ ಮದ್ಯಸಾರ, ಸುಣ್ಣದ ಅಸಿಟೇಟ್, ಡಾಂಬರು ಇವನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತಿದ್ದರು. ಏನನ್ನೂ ಹಾಳುಮಾಡಬಾರದು ಎಂಬ ವಿಶ್ವೇಶ್ವರಯ್ಯನವರ ಕಾಲದ ಶಿಸ್ತು ಅದರಲ್ಲಿ ಕಾಣುತ್ತದೆ. 1950ರ ದಶಕದಲ್ಲಿ ಶರಾವತಿಯ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳು ಬಂದಾಗಲೂ ಇಂಗಾಲದ ಹಸಿವು ತೀರಲಿಲ್ಲ. ವಿದ್ಯುತ್ತು ಶಾಖವನ್ನಷ್ಟೇ ಕೊಟ್ಟಿತು. ಆಮ್ಲಜನಕ ಕಸಿಯಲು ಇಂಗಾಲ ಬೇಕೇ ಬೇಕಿತ್ತು.

ನಾನು ನೋಡಿದ ಕಡತಗಳಲ್ಲಿ ಟನ್ನುಗಳ ಲೆಕ್ಕ ಸಿಗುತ್ತದೆ, ದರ ಸಿಗುತ್ತದೆ, ಗುತ್ತಿಗೆದಾರರ ಪತ್ರಗಳು ಸಿಗುತ್ತವೆ. ಸೌದೆ ಕಡಿದವರ ಹೆಸರು ಸಿಗುವುದಿಲ್ಲ. ಮುಂದೆ ಕವಾಸಾಕಿಯ ಬಗ್ಗೆ ಓದುವಾಗಲೂ ಇದು ನನ್ನ ತಲೆಯಲ್ಲಿತ್ತು. ಕುಲುಮೆಗೆ ಏನು ಹೋಯಿತು ಎಂದು ಕೇಳಿದರೆ ಸಾಲದು, ಅದನ್ನು ಅಲ್ಲಿಯವರೆಗೆ ತಂದವರು ಯಾರು ಎಂದೂ ಕೇಳಬೇಕು.

ಪ್ಲಾಸ್ಟಿಕ್ಕಿನ ಕಥೆ ಜರ್ಮನಿಯಲ್ಲಿ ಶುರುವಾಗುತ್ತದೆ. 1991ರಲ್ಲಿ ಅಲ್ಲಿ ಪೊಟ್ಟಣಗಳ ಕುರಿತ ಕಾನೂನೊಂದು ಬಂತು. ಸರಕಿಗೆ ಹೊದಿಸಿದ ಡಬ್ಬಿ, ಕವರುಗಳನ್ನು ವಾಪಸು ಪಡೆಯುವ ಹೊಣೆ ಸರಕು ಮಾರಿದವರದೇ ಎಂದು ಅದು ಹೇಳಿತು. ಕಂಪನಿಗಳು ಸೇರಿ ಕಟ್ಟಿಕೊಂಡ ಸಂಸ್ಥೆಗೆ ಶುಲ್ಕ ಕಟ್ಟಿದವರು ತಮ್ಮ ಪೊಟ್ಟಣದ ಮೇಲೆ 'ಹಸಿರು ಚುಕ್ಕೆ' ಗುರುತು ಒತ್ತಬಹುದಿತ್ತು. ಜನ ಶಿಸ್ತಾಗಿ ಬೇರ್ಪಡಿಸಿ ಕೊಟ್ಟರು. ಎಷ್ಟು ಶಿಸ್ತಾಗಿ ಎಂದರೆ, ಬಂದ ಪ್ಲಾಸ್ಟಿಕ್ಕನ್ನು ಏನು ಮಾಡಬೇಕೆಂದು ಸಂಸ್ಥೆಗೆ ತಿಳಿಯದಾಯಿತು. ಮರುಬಳಕೆಯ ಕಾರ್ಖಾನೆಗಳು ಅಷ್ಟು ಇರಲಿಲ್ಲ. ಸುಟ್ಟು ಶಾಖ ಪಡೆದರೆ ಅದನ್ನು ಮರುಬಳಕೆ ಎಂದು ಕಾನೂನು ಒಪ್ಪುತ್ತಿರಲಿಲ್ಲ. ಹೊರದೇಶಗಳ ಕಸದ ರಾಶಿಗಳಲ್ಲಿ ಹಸಿರು ಚುಕ್ಕೆ ಹೊತ್ತ ಜರ್ಮನ್ ಕವರುಗಳು ಸಿಕ್ಕ ಸುದ್ದಿ ದೊಡ್ಡದಾಯಿತು. 1993ರ ಹೊತ್ತಿಗೆ ಆ ಸಂಸ್ಥೆ ದಿವಾಳಿಯ ಅಂಚಿಗೆ ಬಂದಿತ್ತು.

ಉತ್ತರದ ಬಂದರು ನಗರ ಬ್ರೆಮೆನ್‌ನಲ್ಲಿ ಆಗ ಕಷ್ಟದಲ್ಲಿದ್ದ ಒಂದು ಉಕ್ಕಿನ ಕಾರ್ಖಾನೆಯಿತ್ತು. ಅದರ ಊದುಕುಲುಮೆಗೆ ಕೆಳಗಿನ ಕೊಳವೆಗಳ ಮೂಲಕ ಬಿಸಿಗಾಳಿಯ ಜೊತೆ ಕಚ್ಚಾ ತೈಲದ ಗಟ್ಟಿ ಭಾಗವನ್ನೂ ಊದುತ್ತಿದ್ದರು. ಇದು ಹೊಸತೇನಲ್ಲ. ಕೋಕ್ ಉಳಿಸಲು ಎಣ್ಣೆ, ಅನಿಲ, ಕಲ್ಲಿದ್ದಲ ಪುಡಿ ಊದುವುದು ಪ್ರಪಂಚದ ಅನೇಕ ಕಡೆ ರೂಢಿಯಲ್ಲಿತ್ತು. ಪ್ಲಾಸ್ಟಿಕ್ ಎಂದರೆ ತೈಲದಿಂದಲೇ ಹುಟ್ಟಿ ಗಟ್ಟಿಯಾದ ವಸ್ತು. ಎಣ್ಣೆ ಹೋಗುವ ದಾರಿಯಲ್ಲಿ ಪ್ಲಾಸ್ಟಿಕ್ ಹೋದರೇನು? 1994ರಲ್ಲಿ ಪ್ರಯೋಗ ನಡೆಯಿತು, 1995ರಲ್ಲಿ ದೊಡ್ಡ ಪ್ರಮಾಣದ ಬಳಕೆ ಶುರುವಾಯಿತು. ಕಸ ತೆಗೆದುಕೊಂಡಿದ್ದಕ್ಕೆ ಕಾರ್ಖಾನೆಗೆ ಮೇಲಿಂದ ಹಣವೂ ಬರುತ್ತಿತ್ತು.

ಲೆಕ್ಕ ಸರಳ. ಹಾಲಿನ ಕವರು ಪಾಲಿಥಿನ್‌ನದು. ನೂರು ಕಿಲೋ ಪಾಲಿಥಿನ್‌ನಲ್ಲಿ ಸುಮಾರು 86 ಕಿಲೋ ಇಂಗಾಲ, 14 ಕಿಲೋ ಜಲಜನಕ ಇರುತ್ತದೆ. ಕೋಕ್‌ನಲ್ಲಿಯೂ ಇಂಗಾಲ ಸುಮಾರು ಅಷ್ಟೇ, ಉಳಿದದ್ದು ಹೆಚ್ಚಾಗಿ ಬೂದಿ. ಜಲಜನಕವೂ ಅದಿರಿನಿಂದ ಆಮ್ಲಜನಕ ಕಸಿಯಬಲ್ಲದು, ಕಸಿದು ನೀರಾವಿಯಾಗುತ್ತದೆ. ಗಾಳಿ ಊದುವ ಬಾಯಿಯ ಹತ್ತಿರ ಶಾಖ 2000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಪ್ಲಾಸ್ಟಿಕ್ಕಿನ ಅಣುಗಳು ಪೂರ್ತಿ ಒಡೆದು ಇಂಗಾಲದ ಮಾನಾಕ್ಸೈಡು, ಜಲಜನಕಗಳಾಗಿ ಮೇಲೇರುತ್ತವೆ. ಅಮ್ಮನ ಒಲೆಯ ಶಾಖ ಇದರ ಅರ್ಧವೂ ಇಲ್ಲ. ಅಲ್ಲಿ ಕವರು ಅರೆಬರೆ ಬೆಂದು ಮಸಿ, ವಿಷದ ಹೊಗೆ ಬಿಟ್ಟು, ಉಸಿರೆಳೆಯುವವರ ಮೂಗಿನ ಮುಂದೆಯೇ ಉರಿಯುತ್ತದೆ. ನನ್ನ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇದು. ಡಯಾಕ್ಸಿನ್ ಎಂಬ ವಿಷದ ಭಯ ಬ್ರೆಮೆನ್‌ನಲ್ಲೂ ಇತ್ತು. ಕುಲುಮೆಯೊಳಗಿನ ಅತಿ ಶಾಖ ಮತ್ತು ಆಮ್ಲಜನಕ ಉಳಿಯದ ವಾತಾವರಣದಲ್ಲಿ ಅದು ಹುಟ್ಟುವುದು ಕಷ್ಟ, ಅಳತೆಗಳೂ ಅದನ್ನೇ ಹೇಳಿದವು.

ಉಳಿದರ್ಧ ಉತ್ತರಕ್ಕೆ ಕವಾಸಾಕಿಗೆ ಹೋಗಬೇಕು.

ತೋಕಿಯೋ ಮತ್ತು ಯೊಕೊಹಾಮಾ ನಡುವಿನ ಈ ನಗರದಲ್ಲಿ ನಿಪ್ಪಾನ್ ಕೋಕಾನ್ ಎಂಬ ಉಕ್ಕಿನ ಕಂಪನಿ 1912ರಲ್ಲಿ ಹುಟ್ಟಿತು. ಯುದ್ಧಾನಂತರದ ದಶಕಗಳಲ್ಲಿ ಕವಾಸಾಕಿಯ ಆಕಾಶ ಹೊಗೆಯಿಂದ ತುಂಬಿತು. ಆಸ್ತಮಾ, ಶ್ವಾಸಕೋಶದ ಕಾಯಿಲೆಗಳು ಮನೆಮನೆಗೂ ಬಂದವು. ಕಂಪನಿ 1970ರ ದಶಕದಲ್ಲಿ ಸಮುದ್ರ ತುಂಬಿ ಮಾಡಿದ ಓಗಿಶಿಮಾ ದ್ವೀಪದ ಮೇಲೆ ಹೊಸ ಊದುಕುಲುಮೆ ಕಟ್ಟಿ, ತನ್ನ ಕೇಹಿನ್ ಕಾರ್ಖಾನೆಯನ್ನು ಊರಿನಿಂದ ದೂರ ಒಯ್ದಿತು. ಆದರೂ 1982ರಲ್ಲಿ ರೋಗಪೀಡಿತರು ಈ ಕಂಪನಿಯೂ ಸೇರಿದಂತೆ ಹಲವು ಕಂಪನಿಗಳ ಮೇಲೆ, ಸರ್ಕಾರದ ಮೇಲೆ ದಾವೆ ಹೂಡಿದರು. 1994ರ ಜನವರಿಯಲ್ಲಿ ಕಂಪನಿಗಳು ಪರಿಹಾರ ಕೊಡಬೇಕೆಂದು ಜಿಲ್ಲಾ ನ್ಯಾಯಾಲಯ ತೀರ್ಪಿತ್ತಿತು. ಮೇಲ್ಮನವಿಯ ನಡುವೆ, 1996ರ ಡಿಸೆಂಬರಿನಲ್ಲಿ, ಕಂಪನಿಗಳು ರೋಗಪೀಡಿತರ ಜೊತೆ ರಾಜಿ ಮಾಡಿಕೊಂಡವು.

ಈ ತಾರೀಖನ್ನು ಪ್ಲಾಸ್ಟಿಕ್ಕಿನ ತಾರೀಖಿನ ಪಕ್ಕದಲ್ಲಿಟ್ಟು ನೋಡಿ. ಅಕ್ಟೋಬರಿನಲ್ಲಿ ಕೇಹಿನ್‌ನ ಒಂದನೆಯ ಕುಲುಮೆಗೆ ಪ್ಲಾಸ್ಟಿಕ್ ಹೋಗತೊಡಗಿತು, ಡಿಸೆಂಬರಿನಲ್ಲಿ ರಾಜಿಗೆ ಸಹಿ ಬಿತ್ತು. ಒಂದಕ್ಕೊಂದು ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ಚಳಿಗಾಲದಲ್ಲಿ ಒಂದು ಕಾರ್ಖಾನೆ ಹೊಗೆಯುಗುಳುವ ಆರೋಪಿಯ ಸ್ಥಾನದಿಂದ ಊರಿನ ಕಸ ನುಂಗುವ ಉಪಕಾರಿಯ ಸ್ಥಾನಕ್ಕೆ ನಡೆಯುತ್ತಿತ್ತು. ಮರುವರ್ಷ, 1997ರಲ್ಲಿ, ಕವಾಸಾಕಿಯ ಕಡಲಂಚಿನ ಕೈಗಾರಿಕಾ ಪ್ರದೇಶಕ್ಕೆ ಸರ್ಕಾರ 'ಇಕೋ ಟೌನ್' ಎಂಬ ಪಟ್ಟ ಕೊಟ್ಟಿತು.

ಕೇಹಿನ್ ಘಟಕದ ಸಾಮರ್ಥ್ಯ ಮೊದಲಿಗೆ ವರ್ಷಕ್ಕೆ 30,000 ಟನ್. ಗಟ್ಟಿ ಪ್ಲಾಸ್ಟಿಕ್ಕನ್ನು ಪುಡಿಮಾಡಬೇಕು. ತೆಳು ಹಾಳೆಗಳನ್ನು ಉಜ್ಜಿ ಬಿಸಿಮಾಡಿ ಗುಳಿಗೆ ಮಾಡಬೇಕು, ಇಲ್ಲದಿದ್ದರೆ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಪಿವಿಸಿಯನ್ನು ಹೆಕ್ಕಿ ತೆಗೆಯಬೇಕು, ಏಕೆಂದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್, ಅದು ಆಮ್ಲವಾಗಿ ಯಂತ್ರಗಳನ್ನೇ ತಿನ್ನುತ್ತದೆ. ಮೊದಲು ಬಂದದ್ದು ಕಾರ್ಖಾನೆಗಳ ತ್ಯಾಜ್ಯ. 1995ರಲ್ಲಿ ಜಪಾನ್ ಮಾಡಿದ ಪೊಟ್ಟಣ ಮರುಬಳಕೆ ಕಾನೂನು 2000ದ ಏಪ್ರಿಲ್‌ನಿಂದ ಮನೆಗಳ ಪ್ಲಾಸ್ಟಿಕ್ ಪೊಟ್ಟಣಗಳಿಗೂ ಅನ್ವಯವಾದ ಮೇಲೆ ಮನೆಯ ಕಸವೂ ಬರತೊಡಗಿತು. ಅದೇ ಹೊತ್ತಿಗೆ ನಿಪ್ಪಾನ್ ಸ್ಟೀಲ್ ಇನ್ನೊಂದು ದಾರಿ ಹಿಡಿಯಿತು. ಊದುಕುಲುಮೆಯ ಬದಲು ಕೋಕ್ ಮಾಡುವ ಗೂಡಿಗೇ, ಕಲ್ಲಿದ್ದಲಿನ ಜೊತೆ ನೂರಕ್ಕೆ ಒಂದು ಪಾಲಿನಷ್ಟು ಪ್ಲಾಸ್ಟಿಕ್ ಬೆರೆಸುವುದು. ಗಾಳಿಯಾಡದ ಗೂಡಿನಲ್ಲಿ ಅದು ಒಡೆದು ಸುಮಾರು ಐದರಲ್ಲೊಂದು ಪಾಲು ಕೋಕ್ ಆಗುತ್ತದೆ, ಉಳಿದದ್ದು ಡಾಂಬರು, ಎಣ್ಣೆ ಮತ್ತು ಅನಿಲ. ಇದನ್ನು ಓದಿದಾಗ ನನಗೆ ಭದ್ರಾವತಿಯ ಸೌದೆಯ ಪಾತ್ರೆಗಳು ನೆನಪಾದವು. ಮರದ ಜಾಗದಲ್ಲಿ ಪ್ಲಾಸ್ಟಿಕ್ ಬಂದಿದೆ, ಕೆಲಸ ಹಳೆಯದೇ.

ಈಗ ಹೆಸರಿನ ಜಗಳ. ಇದು ಮರುಬಳಕೆಯೋ, ಸುಡುವುದೋ? ಕಾರ್ಖಾನೆಯವರ ವಾದ: ನಾವು ಶಾಖಕ್ಕಾಗಿ ಮಾತ್ರ ಉರಿಸುತ್ತಿಲ್ಲ, ಪ್ಲಾಸ್ಟಿಕ್ಕಿನ ಇಂಗಾಲ ಮತ್ತು ಜಲಜನಕ ಅದಿರನ್ನು ಕಬ್ಬಿಣವಾಗಿಸುವ ರಾಸಾಯನಿಕ ಕೆಲಸ ಮಾಡುತ್ತವೆ. ವಿರೋಧಿಗಳ ವಾದ: ಕೊನೆಗೆ ಆ ಇಂಗಾಲವೆಲ್ಲ ಚಿಮಣಿಯಿಂದ ಇಂಗಾಲದ ಡೈಆಕ್ಸೈಡಾಗಿ ಹೋಗುತ್ತದೆ, ಕವರು ಮತ್ತೆ ಕವರಾಗುವುದಿಲ್ಲ, ಇನ್ನೊಂದು ಕವರಿಗೆ ಮತ್ತೆ ತೈಲ ಬೇಕು. ಎರಡೂ ನಿಜ. ಜರ್ಮನಿಯ 1991ರ ಕಾನೂನಿನಡಿ ಕುಲುಮೆಗೆ ಹೋದದ್ದನ್ನು ಮರುಬಳಕೆಯ ಲೆಕ್ಕಕ್ಕೆ ಸೇರಿಸಿಕೊಂಡರು. ಸುಡುವುದನ್ನು ಒಪ್ಪದ ಕಾನೂನಿಗೆ ಅದು ಒಳ್ಳೆಯ ಹೊರದಾರಿಯಾಯಿತು. 1998ರ ತಿದ್ದುಪಡಿ ಆ ದಾರಿಯನ್ನು ಕಿರಿದಾಗಿಸಿತು. ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಕನಿಷ್ಠ ಶೇ 36ರಷ್ಟು ಪ್ಲಾಸ್ಟಿಕ್ ಆಗಿಯೇ ಮರಳಿ ಬಳಕೆಗೆ ಬರಬೇಕು ಎಂದಿತು. ಮುಂದಿನ ವರ್ಷಗಳಲ್ಲಿ ಜರ್ಮನಿಯ ಕುಲುಮೆಗಳಿಗೆ ಹೋಗುವ ಪ್ಲಾಸ್ಟಿಕ್ ಕುಗ್ಗುತ್ತ ಬಂತು.

ಜಪಾನಿನಲ್ಲಿ ಜಗಳ ಹರಾಜಿನಲ್ಲಿ ನಡೆಯಿತು. ಪುರಸಭೆಗಳು ಸಂಗ್ರಹಿಸಿದ ಪ್ಲಾಸ್ಟಿಕ್ಕನ್ನು ಯಾರಿಗೆ ಕೊಡಬೇಕೆಂದು ಟೆಂಡರ್ ಕರೆದಾಗ, ಅದನ್ನು ಕರಗಿಸಿ ಸರಕು ಸಾಗಿಸುವ ಹಲಗೆ, ಕಂಬಗಳಂಥ ವಸ್ತು ಮಾಡುವ ಸಣ್ಣ ಉದ್ಯಮಗಳಿಗೆ ಮೊದಲ ಆದ್ಯತೆಯಿತ್ತು. ಕಡಿಮೆ ದರಕ್ಕೆ ಹೆಚ್ಚು ಪ್ಲಾಸ್ಟಿಕ್ ತೆಗೆದುಕೊಳ್ಳುತ್ತೇವೆ, ನಮ್ಮನ್ನು ಹೊರಗಿಡುವುದು ಸರಿಯಲ್ಲ ಎಂದು ಉಕ್ಕಿನ ಕಂಪನಿಗಳು ವರ್ಷಗಟ್ಟಲೆ ದೂರಿದವು. ಉಕ್ಕು ಉದ್ಯಮದ ಒಕ್ಕೂಟ 2010ರ ಹೊತ್ತಿಗೆ ವರ್ಷಕ್ಕೆ 10 ಲಕ್ಷ ಟನ್ ತ್ಯಾಜ್ಯ ಪ್ಲಾಸ್ಟಿಕ್ ಬಳಸುವ ಗುರಿ ಇಟ್ಟುಕೊಂಡಿತ್ತು. ಬಳಕೆ ಅದಕ್ಕಿಂತ ಬಹಳ ಕೆಳಗೇ ಉಳಿಯಿತು. ಕುಲುಮೆಗಳಿಗೆ ಜಾಗವಿತ್ತು, ಅಲ್ಲಿಗೆ ಬರುವ ಸರಿಯಾದ ಪ್ಲಾಸ್ಟಿಕ್ಕಿರಲಿಲ್ಲ. ಸ್ವತಃ ಕವಾಸಾಕಿ ನಗರ ಮನೆಗಳ ಪ್ಲಾಸ್ಟಿಕ್ ಪೊಟ್ಟಣಗಳನ್ನು ಬೇರೆಯಾಗಿ ಸಂಗ್ರಹಿಸತೊಡಗಿದ್ದು 2011ರಲ್ಲಿ, ಕೆಲವು ವಾರ್ಡುಗಳಲ್ಲಿ. ಊರಿಗೆಲ್ಲ ವಿಸ್ತರಿಸಿದ್ದು 2013ರಲ್ಲಿ. ಕುಲುಮೆ ಪಕ್ಕದಲ್ಲೇ ಇದ್ದರೂ ಅದಕ್ಕೂ ಮುಂಚಿನ ಅಷ್ಟೂ ವರ್ಷ ಆ ಊರಿನ ಮನೆಗಳ ಚೀಲಗಳು ಮಾಮೂಲಿ ಕಸದ ಜೊತೆಗೇ ಹೋಗುತ್ತಿದ್ದವು.

ಮುಂದಿನದು ತೀರಾ ಇತ್ತೀಚಿನದು. 2023ರ ಸೆಪ್ಟೆಂಬರಿನಲ್ಲಿ ಕೇಹಿನ್‌ನ ಕೊನೆಯ ಊದುಕುಲುಮೆ ಆರಿತು. ನಿಪ್ಪಾನ್ ಕೋಕಾನ್ ಅಷ್ಟರಲ್ಲಿ ಇನ್ನೊಂದು ಕಂಪನಿಯ ಜೊತೆ ಸೇರಿ ಜೆಎಫ್ಇ ಆಗಿತ್ತು. ಉಕ್ಕಿನ ಬೇಡಿಕೆ ಕುಗ್ಗಿತ್ತು. ಇಂಗಾಲ ಉಗುಳುವ ಊದುಕುಲುಮೆಗಳ ಬದಲು ವಿದ್ಯುತ್ ಕುಲುಮೆ, ಜಲಜನಕಗಳತ್ತ ಹೊರಳಬೇಕೆಂಬ ಒತ್ತಡ ಪ್ರಪಂಚದಾದ್ಯಂತ ಹೆಚ್ಚುತ್ತಿದೆ. ಅದೇ 2023ರ ಜನವರಿಯಲ್ಲಿ, ಮೊದಲ ಕುಲುಮೆ ಹೊತ್ತಿ ನೂರು ವರ್ಷ ತುಂಬಿದ ತಿಂಗಳಿನಲ್ಲೇ, ಭದ್ರಾವತಿಯ ಕಾರ್ಖಾನೆ ಮುಚ್ಚುವ ತೀರ್ಮಾನದ ಸುದ್ದಿ ಬಂದು ಗುತ್ತಿಗೆ ಕಾರ್ಮಿಕರು ಧರಣಿ ಕೂತಿದ್ದರು. ಆಮೇಲೆ ಅಲ್ಲಿ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ಎರಡೂ ಊರುಗಳ ಸುದ್ದಿಯನ್ನು ನಾನು ಒಂದೇ ವರ್ಷದಲ್ಲಿ ಓದಿದೆ.

ಕುಲುಮೆ ಆರಿದರೆ ಅದನ್ನು ನಂಬಿದ ಕಸ ಏನಾಗಬೇಕು? ಮುಂಬೈಯಲ್ಲಿ ಹುಟ್ಟಿ, ಕಾನ್ಪುರದ ಐಐಟಿಯಲ್ಲಿ ಲೋಹಶಾಸ್ತ್ರ ಓದಿ, ಈಗ ಸಿಡ್ನಿಯಲ್ಲಿರುವ ವೀಣಾ ಸಹಜವಾಲಾ ಇದಕ್ಕೊಂದು ಉತ್ತರ ಹುಡುಕಿದ್ದಾರೆ. ಗುಜರಿ ಉಕ್ಕು ಕರಗಿಸುವ ವಿದ್ಯುತ್ ಕುಲುಮೆಗೆ ಕೋಕ್‌ನ ಒಂದು ಪಾಲಿನ ಬದಲು ಹಳೆ ಟೈರಿನ ರಬ್ಬರು, ಪ್ಲಾಸ್ಟಿಕ್ ಹಾಕಿ ಕಿಟ್ಟವನ್ನು ನೊರೆಯೇಳಿಸುವ ವಿಧಾನ ಅವರದು. ನೊರೆ ಹೊದಿಕೆಯಂತೆ ಶಾಖವನ್ನು ಹಿಡಿದಿಡುತ್ತದೆ, ವಿದ್ಯುತ್ತು ಉಳಿಯುತ್ತದೆ. ಆಸ್ಟ್ರೇಲಿಯಾದ ಕಾರ್ಖಾನೆಗಳಲ್ಲಿ ಅದು ಬಳಕೆಗೂ ಬಂತು. ಆದರೆ ಅಲ್ಲಿ ಬೇಕಾಗುವ ಇಂಗಾಲ ಊದುಕುಲುಮೆಗೆ ಹೋಲಿಸಿದರೆ ಕಡಿಮೆ. ಅದರ ಹೊಟ್ಟೆ ಚಿಕ್ಕದು.

ಈ ಇತಿಹಾಸ ನನಗೆ ಕಲಿಸಿದ್ದು ಇಷ್ಟು. ಕುಲುಮೆಗೆ ಬೇಕಾದದ್ದು ಇಂಗಾಲ. ಅದು ಮರದಿಂದ ಬಂತೋ, ಕಲ್ಲಿನಿಂದ ಬಂತೋ, ಕವರಿನಿಂದ ಬಂತೋ ಅದಕ್ಕೆ ಗೊತ್ತಿಲ್ಲ. ಗೊತ್ತಾಗುವುದು ಆ ಇಂಧನ ಎಲ್ಲಿಂದ ಹೊರಟಿತೋ ಅಲ್ಲಿನವರಿಗೆ: ಕಾಡಿನಲ್ಲಿ ಕಡಿದವರಿಗೆ, ಕಸ ಹೆಕ್ಕಿದವರಿಗೆ, ಹೊಗೆ ಕುಡಿದವರಿಗೆ. ಭದ್ರಾವತಿಯ ಕಾಲದಲ್ಲಿ ಕಾಡು ಎಂದೂ ಮುಗಿಯದ ಉಗ್ರಾಣವೆಂಬ ನಂಬಿಕೆಯಿತ್ತು. ಕವಾಸಾಕಿಯಲ್ಲಿ ಕುಲುಮೆ ಎಂದೂ ಆರದ ಹೊಟ್ಟೆಯೆಂದು ನಂಬಿದರು. ಒಂದು ಕಾರ್ಖಾನೆಯ ಹಸಿವಿನ ಮೇಲೆ ಊರಿನ ಕಸದ ಲೆಕ್ಕವನ್ನು ನಿಲ್ಲಿಸಿದರೆ, ಕಾರ್ಖಾನೆ ಮುಚ್ಚಿದ ದಿನ ಕಸ ನಮ್ಮ ಮನೆ ಬಾಗಿಲಿಗೇ ವಾಪಸು ಬರುತ್ತದೆ.

ನಮ್ಮ ದೇಶದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳೂ ಮರುಬಳಕೆಯಾಗದ ಪ್ಲಾಸ್ಟಿಕ್ಕನ್ನು ರಸ್ತೆಗೆ ಹಾಕಿ, ಇಂಧನಕ್ಕೆ ಬಳಸಿ ಎನ್ನುತ್ತವೆ. ಬಳ್ಳಾರಿ ಸೀಮೆಯಲ್ಲಿ ಊದುಕುಲುಮೆಗಳಿವೆ. ನಾಳೆ ಯಾರಾದರೂ ನಮ್ಮ ಪ್ಲಾಸ್ಟಿಕ್ಕನ್ನು ಅಲ್ಲಿಗೆ ಕಳಿಸೋಣವೆಂದರೆ ನಾನು ಬೇಡ ಎನ್ನುವುದಿಲ್ಲ. ಬಚ್ಚಲ ಒಲೆಗಿಂತ, ರಸ್ತೆ ಬದಿಯ ಬೆಂಕಿಗಿಂತ ಅದು ಎಷ್ಟೋ ವಾಸಿ. ಆದರೆ ಕೇಳುವುದನ್ನು ಕೇಳುತ್ತೇನೆ. ಪಿವಿಸಿ ಹೆಕ್ಕುವವರು ಯಾರು, ಅವರ ಕೂಲಿ ಎಷ್ಟು? ಗುಜರಿ ಅಂಗಡಿಗಳಿಗೆ ಹೋಗಿ ಮತ್ತೆ ಬಕೆಟ್, ಪೈಪುಗಳಾಗುತ್ತಿರುವ ಒಳ್ಳೆಯ ಪ್ಲಾಸ್ಟಿಕ್ಕೂ ಕುಲುಮೆಯ ಪಾಲಾಗುತ್ತದೆಯೇ? ಕುಲುಮೆಯ ನಂತರ ಏನು?

ಈ ಸಲ ಊರಿಗೆ ಹೋದಾಗ ಹಳೆಯ ಎಣ್ಣೆ ಡಬ್ಬಿಯೊಂದರಲ್ಲಿ ಒಣ ಅಡಿಕೆ ಸಿಪ್ಪೆ ತುಂಬಿ, ಮುಚ್ಚಳ ಬಿಗಿದು, ಒಲೆಯ ಪಕ್ಕದಲ್ಲಿಟ್ಟು ಬಂದೆ. ಹಾಲಿನ ಕವರುಗಳನ್ನು ಅಮ್ಮ ಈಗ ತೊಳೆದು ತಂತಿಗೆ ಸಿಕ್ಕಿಸುತ್ತಾಳೆ. ಗುಜರಿಯವನು ಅವನ್ನು ತೂಗಿ ಒಯ್ಯುತ್ತಾನೆ, ಚಿಪ್ಸ್ ಪೊಟ್ಟಣ ಮಾತ್ರ ಬೇಡವೆಂದು ಅಲ್ಲೇ ಬಿಟ್ಟು ಹೋಗುತ್ತಾನೆ. ಅವು ಒಂದು ಗೋಣಿಚೀಲದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿವೆ. ಚೀಲ ಅರ್ಧ ತುಂಬಿದೆ. "ಇದನ್ನೇನು ಮಾಡ್ಲಿ?" ಅಂತ ಅಮ್ಮ ಫೋನಿನಲ್ಲಿ ಕೇಳಿದಳು. ಸ್ವಲ್ಪ ದಿನ ಇಟ್ಟಿರು, ನೋಡೋಣ ಅಂದಿದ್ದೇನೆ.